ಯಾವೂರು, ಯಾರ ಪೈಕಿ?

ನಮ್ಮಜ್ಜಿ ಯಾರನ್ನು ಕಂಡರೂ ಎರಡೇ ಪ್ರಶ್ನೆ ಕೇಳುತ್ತಿದ್ದಳು. ಯಾವೂರು? ಯಾರ ಪೈಕಿ? ಬಸ್ಸಿನಲ್ಲಿ ಪಕ್ಕ ಕೂತವರಿಗೂ ಅಷ್ಟೆ, ಬಳೆ ಮಾರಲು ಬಂದವರಿಗೂ ಅಷ್ಟೆ. ಹೆಸರು ಆಮೇಲೆ. ಎಷ್ಟೋ ಸಲ ಹೆಸರು ಕೇಳುತ್ತಲೇ ಇರಲಿಲ್ಲ. ಮಂಡ್ಯ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆ ಎರಡಕ್ಕೆ ಉತ್ತರ ಸಿಕ್ಕರೆ ಸಾಕು, ಅರ್ಧ ಗಂಟೆಯೊಳಗೆ ಎಲ್ಲಿಂದಲಾದರೂ ಒಂದು ನೆಂಟಸ್ತಿಕೆ ಎಳೆದು ತರುತ್ತಿದ್ದಳು.

ಅವಳು ಏನೂ ಕೇಳದೆ ಪೊರಕೆ ಎತ್ತಿಕೊಳ್ಳುತ್ತಿದ್ದದ್ದು ಹಾವುರಾಣಿಗೆ ಮಾತ್ರ. ಹಲ್ಲಿಯ ಬಳಗದ ಈ ಪ್ರಾಣಿ ಇಂಗ್ಲಿಷಿನಲ್ಲಿ ಸ್ಕಿಂಕ್, ಅವಳ ಬಾಯಲ್ಲಿ ‘ಆವ್ರಾಣಿ’. ಹಿತ್ತಲ ಸೌದೆ ರಾಶಿಯ ಸಂದಿಯಿಂದ ಒಂದು ಮೂತಿ ಈಚೆ ಬಂದರೆ ಸಾಕು, “ಮುಟ್ಟಬ್ಯಾಡ ಕಣ್ಲಾ! ಅದು ಕಚ್ಚಾಕಿಲ್ಲ, ನೆಕ್ತದೆ. ನೆಕ್ಕುದ್ರೆ ಮುಗೀತು” ಅನ್ನುತ್ತಿದ್ದಳು. ಕಚ್ಚುವ ಹಾವಿಗಿಂತ ನೆಕ್ಕುವ ಈ ಪ್ರಾಣಿಗೇ ನಾವು ಹುಡುಗರು ಜಾಸ್ತಿ ಹೆದರಿಕೊಂಡಿದ್ದೆವು. ಕಚ್ಚಿದರೆ ಗೊತ್ತಾದರೂ ಆಗುತ್ತೆ. ನಿದ್ದೆಯಲ್ಲಿ ನೆಕ್ಕಿ ಹೋದರೆ?

ಹಾವುರಾಣಿಗೆ ವಿಷ ಇಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಓದುವವರಲ್ಲಿ ಕೆಲವರಿಗಾದರೂ ಈ ಹೊತ್ತಿಗೆ ಕಾಲು ಮೇಲೆತ್ತಿಕೊಳ್ಳಬೇಕು ಅನ್ನಿಸಿರುತ್ತೆ. ನಮ್ಮ ಹಿತ್ತಲಿನದಕ್ಕೆ ಮಾತ್ರವಲ್ಲ, ಅದರ ಇಡೀ ಕುಟುಂಬದಲ್ಲಿ ಒಂದಕ್ಕೂ ಇಲ್ಲ. ನಾಲಿಗೆ ಹೊರಗೆ ಹಾಕುವುದು ವಾಸನೆ ಹಿಡಿಯಲಿಕ್ಕೆ.

ನಾನು ಪ್ರಾಣಿಶಾಸ್ತ್ರ ಓದಿದವನಲ್ಲ. ಮೈಸೂರಿನಲ್ಲಿ ಲೆಕ್ಕ ಬರೆಯುವ ಕೆಲಸ. ಹೋದ ವರ್ಷ ಮಾರ್ಚ್ ಲೆಕ್ಕ ಮುಗಿಸಿ ಒಂದು ಭಾನುವಾರ ಸುಮ್ನೆ ಕೂತಿದ್ದೆ. ಪಕ್ಕದ ಮನೆಯ ಬೆಕ್ಕು ಒಂದು ಹಾವುರಾಣಿಯನ್ನು ತಂದು ಬಾಗಿಲಲ್ಲಿ ಕಾಲೊರೆಸುವ ಚೀಲದ ಮೇಲೆ ಹಾಕಿತು. ಪ್ರಾಣ ಹೋಗಿತ್ತು. ಬಾಲ ಇರಲಿಲ್ಲ. ಎದ್ದು ನೋಡಿದರೆ ಮೂರಡಿ ಆಚೆ, ದಾಸವಾಳದ ಕುಂಡದ ಪಕ್ಕ, ಬಾಲ ಒಂದೇ ಬಿದ್ದುಕೊಂಡು ಇನ್ನೂ ಒದ್ದಾಡುತ್ತಿತ್ತು. ಬೆಕ್ಕು ಅದನ್ನು ನೋಡಿ ಮೋಸ ಹೋಗಬೇಕಿತ್ತು, ಉಪಾಯ ಇರುವುದೇ ಅದಕ್ಕೆ. ಬಾಲದ ಹೆಚ್ಚಿನ ಮೂಳೆಗಳಲ್ಲಿ, ಒಂದೊಂದರ ಮೈಯೊಳಗೇ, ಕಳಚಿಕೊಳ್ಳಲಿಕ್ಕೆಂದೇ ಒಂದು ಸಡಿಲ ಗೆರೆ ಇರುತ್ತೆ. ಹಿಡಿದರೆ ಅಲ್ಲಿ ಮುರಿಯುತ್ತೆ. ಬದುಕಿ ಉಳಿದರೆ ಮತ್ತೆ ಬೆಳೆಯುತ್ತೆ, ಆದರೆ ಹೊಸ ಬಾಲದೊಳಗೆ ಮೂಳೆ ಇರಲ್ಲ, ಮೆತ್ತನೆ ಮೂಳೆಯ ಒಂದು ಕಡ್ಡಿ ಅಷ್ಟೆ. ನಮ್ಮ ಪಕ್ಕದ ಮನೆ ಬೆಕ್ಕಿಗೆ ಅನುಭವ ಜಾಸ್ತಿ. ಬಾಲ ಬಿಟ್ಟು ಒಡೆಯನನ್ನೇ ಹಿಡಿದಿತ್ತು.

ಬಿಸಾಡಲು ಮನಸ್ಸಾಗಲಿಲ್ಲ. ಹಳೇ ಪೇಪರ್ ಹಾಸಿ ಅದರ ಮೇಲೆ ಇಟ್ಟೆ. ಅಪ್ಪ ಪಂಚಾಂಗ ನೋಡುತ್ತಿದ್ದ ಭೂತಗನ್ನಡಿ ಇತ್ತು, ತಂದೆ. ಅಷ್ಟು ವರ್ಷ ಪೊರಕೆಯಳತೆಯ ದೂರದಿಂದ ನೋಡಿದ್ದ ಪ್ರಾಣಿಯನ್ನು ಮೊದಲ ಸಲ ಹತ್ತಿರದಿಂದ ನೋಡಿದ್ದು ಆವತ್ತೇ. ಬೆನ್ನು ಹುಣಿಸೆಹಣ್ಣು ಹಾಕಿ ತಿಕ್ಕಿದ ಕಂಚಿನ ಹಾಗೆ. ಕಣ್ಣಿನ ಮೇಲಿಂದ ಹೊರಟು ಬೆನ್ನಿನ ಎರಡೂ ಅಂಚಿಗೆ ಒಂದೊಂದು ತಿಳಿ ಹಳದಿ ಗೆರೆ. ಹುರುಪೆಗಳು ಒಂದರ ಮೇಲೊಂದು, ಥೇಟ್ ಮಂಗಳೂರು ಹೆಂಚು ಹೊದಿಸಿದ ಹಾಗೆ. ದೂರದಿಂದ ನುಣ್ಣಗೆ ಹೊಳೆಯುವ ಬೆನ್ನು ಗಾಜಿನಡಿಯಲ್ಲಿ ನುಣುಪಲ್ಲ. ಒಂದೊಂದು ಹುರುಪೆಯ ಮೇಲೂ ಉದ್ದುದ್ದಕ್ಕೆ ಮೂರು ಏಣು, ಬೆಳೆದು ನಿಂತ ಗೆರೆ. ಬೆರಳ ತುದಿಯಿಂದ ಬಾಲದ ಕಡೆಗೆ ಸವರಿದರೆ ತಿಳಿಯಲ್ಲ, ಅಡ್ಡಕ್ಕೆ ಸವರಿದರೆ ಸಣ್ಣಗೆ ತಡೆಯುತ್ತೆ.

ಲೆಕ್ಕದವನಲ್ವಾ, ಎಣಿಸಿದೆ. ಹೊಟ್ಟೆಯ ನಡುವೆ ಸುತ್ತ ಎಷ್ಟು ಸಾಲು ಹುರುಪೆ ಅಂತ. ಮೊದಲ ಸಲ 31 ಬಂತು, ಎರಡನೇ ಸಲ 33. ಗುಂಡುಸೂಜಿಯಿಂದ ಒಂದೊಂದನ್ನೇ ಒತ್ತುತ್ತಾ ಹೋದಾಗ 32. ಇನ್ನೊಂದು ಸಲವೂ 32. ಹೆಂಡತಿ ಕಾಫಿ ತಂದವಳು ಪೇಪರ್ ನೋಡಿ, ಲೋಟ ತಿರುಗಿ ಒಳಗೇ ತೆಗೆದುಕೊಂಡು ಹೋದಳು.

ಆ ಎಣಿಕೆ ವ್ಯರ್ಥ ಆಗಲಿಲ್ಲ. ಬೆನ್ನಿನ ಹುರುಪೆಗೆ ಸಾಮಾನ್ಯವಾಗಿ ಮೂರು ಏಣು, ನಡುವೆ 30ರಿಂದ 34 ಸಾಲು, ಹಳದಿ ಗೆರೆ. ಇಷ್ಟು ಹೊಂದಿದರೆ ಅದು ಯೂಟ್ರೋಪಿಸ್ ಕ್ಯಾರಿನೇಟ. ಹೆಸರು ಭಾರೀ ಅನ್ನಿಸಬಹುದು, ಒಳಗೆ ಏನೂ ಇಲ್ಲ. ‘ಟ್ರೋಪಿಸ್’ ಅಂದರೆ ಗ್ರೀಕಿನಲ್ಲಿ ದೋಣಿಯ ತಳದ ಏಣು. ‘ಕ್ಯಾರಿನ’ ಅಂದರೆ ಲ್ಯಾಟಿನ್ನಿನಲ್ಲೂ ಅದೇ. ಅಂದರೆ ‘ಒಳ್ಳೇ ಏಣಿನ ಏಣುಳ್ಳದ್ದು’. ಗೇಟ್ ಬಾಗಿಲು ಅಂದ ಹಾಗಾಯಿತು.

ಈ ಜೋಡಿ ಹೆಸರು ಒಂದೇ ದಿನ ಬಂದದ್ದಲ್ಲ, ಅಜ್ಜಿ ಇದ್ದಿದ್ದರೆ ಇಲ್ಲಿಂದ ಮುಂದಕ್ಕೆ ಕಾಲು ಚಾಚಿ ಕೂತು ಕೇಳುತ್ತಿದ್ದಳು. ಕ್ಯಾರಿನೇಟ ಎಂದು 1801ರಲ್ಲಿ ಕರೆದವನು ಜರ್ಮನಿಯ ಷ್ನೈಡರ್. ಅವನು ಗ್ರೀಕ್ ಪಂಡಿತ, ಗ್ರೀಕ್-ಜರ್ಮನ್ ನಿಘಂಟು ಮಾಡಿದವನು. ಪದಗಳನ್ನು ಜೋಡಿಸಿದ ಹಾಗೇ ಹಾವು, ಹಲ್ಲಿ, ಕಪ್ಪೆಗಳನ್ನೂ ಜೋಡಿಸಲು ಕೂತ. ಆಗ ಇದನ್ನು ಸಿಂಕಸ್ ಎಂಬ ಕುಲಕ್ಕೆ ಸೇರಿಸಿದ್ದ. ಕುಲ ಅಂದರೆ ಇಲ್ಲಿ ಜೀವಶಾಸ್ತ್ರದ ಕುಲ, ಬೇರೆ ಅರ್ಥ ಬೇಡ. ಆಮೇಲೆ ಬಂದವರು ಅಲ್ಲಿಂದ ಎತ್ತಿ ಮಬೂಯ ಎಂಬ ಕುಲಕ್ಕೆ ಹಾಕಿದರು. ಭಾರತದ ಹಲ್ಲಿಗಳ ಬಗ್ಗೆ 1935ರಲ್ಲಿ ದೊಡ್ಡ ಹೊತ್ತಗೆ ಬರೆದ ಮಾಲ್ಕಂ ಸ್ಮಿತ್ (ಈತ ಸಯಾಮಿನ ಅರಮನೆಯಲ್ಲಿ ವೈದ್ಯನಾಗಿದ್ದವನು) ಕೂಡ ಮಬೂಯ ಎಂದೇ ಬರೆದ. 2002ರವರೆಗೂ ನಮ್ಮ ಹಾವುರಾಣಿ ಮಬೂಯಗಳ ಪೈಕಿ.

ಮಬೂಯ ಯಾವೂರ ಮಾತು? ಕೆರಿಬಿಯನ್ ದ್ವೀಪಗಳದ್ದು. ಅಲ್ಲಿನ ಮೂಲ ಜನರ ನುಡಿಯಲ್ಲಿ ಅದರ ಅರ್ಥ ಪೀಡೆ, ಕೆಟ್ಟ ದೆವ್ವ. ಹಲ್ಲಿ ಹಾವುರಾಣಿಗಳಿಗೆ ಅವರು ಇಟ್ಟ ಹೆಸರು ಅದು. ಇದನ್ನು ಓದಿದ ದಿನ ನನಗೆ ಅಜ್ಜಿಯದೇ ನೆನಪು. ಸಾವಿರಾರು ಮೈಲಿ ಆಚೆ, ಸಮುದ್ರದ ನಡುವಿನ ಯಾವುದೋ ದ್ವೀಪದಲ್ಲಿ, ಇನ್ಯಾರೋ ಅಜ್ಜಿ ಇದೇ ಥರದ ಪ್ರಾಣಿಗೆ ಇದೇ ಥರ ಪೊರಕೆ ಎಸೆದಿದ್ದಾಳೆ. ಪೊರಕೆ ಅಲ್ಲದಿದ್ದರೆ ಇನ್ನೇನೋ.

ಮಬೂಯ ಎಂಬುದು ಒಂದು ದೊಡ್ಡ ಛತ್ರದ ಹಾಗೆ ಆಗಿತ್ತು. ಏಷ್ಯಾ, ಆಫ್ರಿಕಾ, ಮಡಗಾಸ್ಕರ್, ದಕ್ಷಿಣ ಅಮೆರಿಕ, ಕೆರಿಬಿಯನ್ ಎಲ್ಲ ಕಡೆಯ ನೂರಕ್ಕೂ ಹೆಚ್ಚು ಪ್ರಭೇದಗಳು ಅದರೊಳಗೆ. ಎಲ್ಲವೂ ಕಂದು ಮೈ, ಪಕ್ಕದಲ್ಲಿ ಪಟ್ಟೆ, ಗಿಡ್ಡ ಕಾಲು. ನೋಡಲು ಒಂದೇ ಥರ ಇದ್ದವು, ಒಂದೇ ಮನೆ ಅಂದುಕೊಂಡರು. 2002ರಲ್ಲಿ ಜರ್ಮನಿ ಮತ್ತು ಬ್ರೆಜಿಲ್‌ನ ಕೆಲವರು ಡಿಎನ್ಎ ಹಿಡಿದು ನೋಡಿ, ಇದು ನಾಲ್ಕು ಮನೆ, ಒಂದಲ್ಲ ಎಂದು ಪಾಲು ಮಾಡಿದರು. ಮಬೂಯ ಹೆಸರು ಅಮೆರಿಕದ ಕಡೆಯವುಗಳಿಗೆ ಉಳಿಯಿತು. ಕೇಪ್ ವರ್ಡೆ ದ್ವೀಪಗಳವು ಕಿಯೋನಿನಿಯ. ಆಫ್ರಿಕಾ ಮತ್ತು ಮಡಗಾಸ್ಕರಿನವು ಈಗ ಟ್ರ್ಯಾಕಿಲೆಪಿಸ್. ಏಷ್ಯಾದವುಗಳಿಗೆ ವಿಯೆನ್ನಾದ ಫಿಟ್ಸಿಂಗರ್ 1843ರಲ್ಲೇ ಇಟ್ಟು ಯಾರೂ ಬಳಸದೆ ಬಿಟ್ಟಿದ್ದ ಒಂದು ಹೆಸರು ಅಟ್ಟದ ಮೇಲಿತ್ತು, ಯೂಟ್ರೋಪಿಸ್. ಅದನ್ನು ಇಳಿಸಿ, ಧೂಳು ಕೊಡವಿ ಕೊಟ್ಟರು. ಏಣಿನ ಮೇಲೆ ಏಣು ಕೂತದ್ದು ಹಾಗೆ.

ಪಾಲಿನಲ್ಲಿ ಒಂದು ತಕರಾರು ನನಗೆ ಬಹಳ ಇಷ್ಟ. ಬ್ರೆಜಿಲ್ ಕರಾವಳಿಯಿಂದ ಸುಮಾರು 350 ಕಿಲೋಮೀಟರ್ ದೂರದಲ್ಲಿ ಫರ್ನಾಂಡೊ ದಿ ನೊರೊನ್ಯ ಎಂಬ ಪುಟ್ಟ ದ್ವೀಪ. ಆಫ್ರಿಕಾ ಅಲ್ಲಿಂದ ಇದರ ಹಲವು ಪಟ್ಟು ದೂರ. ದ್ವೀಪದಲ್ಲಿ ಕಾಲಿಟ್ಟಲ್ಲೆಲ್ಲ ಒಂದು ಹಾವುರಾಣಿ. ಅದು ಬ್ರೆಜಿಲಿನದರ ನೆಂಟ ತಾನೇ ಆಗಬೇಕು? ಅಲ್ಲ, ಅದು ಆಫ್ರಿಕಾದವುಗಳ ಪೈಕಿ. ಅಂದರೆ ಯಾವುದೋ ಕಾಲದಲ್ಲಿ, ಯಾವುದೋ ಹೊಳೆಯ ಪ್ರವಾಹಕ್ಕೆ ಕಿತ್ತು ಬಂದ ಮರದ ಮೇಲೋ ಗಿಡಗಂಟಿಯ ಮುದ್ದೆಯ ಮೇಲೋ ಕೂತು, ಅಟ್ಲಾಂಟಿಕ್ ಸಮುದ್ರ ದಾಟಿ ಬಂದದ್ದರ ಮಕ್ಕಳು. ಅಮೆರಿಕದ ಮಬೂಯಗಳ ಹಿರೀಕರೂ ಹೀಗೇ ಬೇರೆ ಇನ್ನೊಂದು ಸಲ ದಾಟಿದವರು. ನೊರೊನ್ಯದ ಹಾವುರಾಣಿ ಹೂವಿನ ಮಧು ಕುಡಿಯುತ್ತೆ, ಅದೂ ನಮ್ಮ ಹಾಲುವಾಣದ ಜಾತಿಯ ಮರ ಹತ್ತಿ. ನಮ್ಮ ಹಿತ್ತಲಿನದು ಜಿರಳೆ ಮಿಡತೆಗೇ ತೃಪ್ತಿ.

ಹಾಗಾದರೆ ನಮ್ಮದು ಯಾವೂರದ್ದು? ನಾನು ಇದು ಇಲ್ಲಿನದೇ ಅಂದುಕೊಂಡಿದ್ದೆ. ಅಜ್ಜಿಯ ಹಿತ್ತಲಿನಲ್ಲಿ ಅದಕ್ಕಿಂತ ಹಳೇ ಒಕ್ಕಲು ಯಾವುದಿತ್ತು? ಈ ಪ್ರಶ್ನೆಯನ್ನು ನೆಟ್ಟಗೆ ಕೇಳಿದ ಒಂದು ಅಧ್ಯಯನ 2012ರಲ್ಲಿ ಬಂತು. ಮುಖ್ಯವಾಗಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕೆಲಸ. ಬರೆದವರಲ್ಲಿ ನಮ್ಮ ಮೈಸೂರು ವಿಶ್ವವಿದ್ಯಾಲಯದ ಮೇವಾ ಸಿಂಗ್ ಅವರೂ ಒಬ್ಬರು. ಮಂಗಗಳ ಅಧ್ಯಯನಕ್ಕೆ ಹೆಸರಾದವರು ಅವರು. ಬೆಳಿಗ್ಗೆ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ನಡೆಯುತ್ತಾ ಆಚೆ ಮಾನಸಗಂಗೋತ್ರಿಯ ಮರಗಳನ್ನು ನೋಡುವಾಗ ನನಗೆ ಇದು ನೆನಪಾಗುತ್ತೆ.

ಪ್ರಶ್ನೆಯ ಹಿಂದೆ ಒಂದು ದೊಡ್ಡ ಕಥೆ ಇದೆ. ಭಾರತ ಒಂದು ಕಾಲಕ್ಕೆ ದಕ್ಷಿಣದ ಮಹಾಖಂಡದ ತುಂಡು. ಮಡಗಾಸ್ಕರಿನಿಂದ ಬಿಡಿಸಿಕೊಂಡು, ಕೋಟ್ಯಂತರ ವರ್ಷ ಒಂಟಿಯಾಗಿ ತೇಲಿ, ಉತ್ತರಕ್ಕೆ ಬಂದು ಏಷ್ಯಾಕ್ಕೆ ಗುದ್ದಿತು. ಹಾಗಾಗಿ ಇಲ್ಲಿನ ಪ್ರತಿ ಹಳೇ ಜೀವಿಗೂ ಒಂದು ಪ್ರಶ್ನೆ ಕೇಳಬಹುದು. ನೀನು ಆ ತೆಪ್ಪದ ಮೇಲೇ ಕೂತು ಬಂದವನೋ, ತೆಪ್ಪ ದಡ ಮುಟ್ಟಿದ ಮೇಲೆ ಹತ್ತಿದವನೋ? ಯೂಟ್ರೋಪಿಸ್ ಹತ್ತಿದ್ದು ಆಮೇಲೆ. ಅದರ ಹಿರೀಕರು ಆಗ್ನೇಯ ಏಷ್ಯಾದಿಂದ ಒಳಗೆ ಬಂದು, ಇಲ್ಲಿಯ ಒಣ ಬಯಲು, ಕುರುಚಲು, ಕಾಡುಗಳಲ್ಲಿ ಹರಡಿ, ಬೇರೆಲ್ಲೂ ಇಲ್ಲದ ಹಲವು ಪ್ರಭೇದಗಳಾಗಿ ಕವಲೊಡೆದವು. ಅಂದರೆ ನಮ್ಮ ಹಾವುರಾಣಿಯ ತವರು ಮೂಡಲ ಕಡೆ, ಮಲೇಷ್ಯಾ ಇಂಡೋನೇಷ್ಯಾಗಳ ದಿಕ್ಕಿಗೆ. ಅಲ್ಲಿ ಉಳಿದ ದಾಯಾದಿಗಳಲ್ಲಿ ಮರಿ ಹಾಕುವವೂ ಇವೆ. ನಮ್ಮದು ಮೊಟ್ಟೆಯಿಡುವ ಪೈಕಿ.

ನಮ್ಮೂರಿಗೆ ಮೂಡಲಿಂದ ಬಂದದ್ದು ಇದೊಂದೇ ಅಲ್ಲ. ಕಬ್ಬನ್ನೂ ಮನುಷ್ಯ ಮೊದಲು ಪಳಗಿಸಿದ್ದು ನ್ಯೂಗಿನಿಯಲ್ಲಿ. ಅದು ಕೈಯಿಂದ ಕೈಗೆ ಬಂದು, ಇಲ್ಲಿ ವಿ.ಸಿ. ನಾಲೆಯ ನೀರು ಕುಡಿದು, ಮಂಡ್ಯ ಎಂದರೆ ಕಬ್ಬು ಎನ್ನುವ ಮಟ್ಟಕ್ಕೆ ಬಂತು. ಆಲೆಮನೆಯ ಪಕ್ಕದ ಒಣ ತರಗಿನ ರಾಶಿಯಲ್ಲಿ ಹಾವುರಾಣಿ ಸರಬರ ಅನ್ನಿಸಿಕೊಂಡು ಓಡುವುದನ್ನು ಕೇಳದವರು ನಮ್ಮ ಕಡೆ ಇರಲಿಕ್ಕಿಲ್ಲ.

ಕಬ್ಬು, ಇಲಿ, ಮುಂಗುಸಿ, ಹಾವುರಾಣಿ. ನಮ್ಮ ಗದ್ದೆಬಯಲಲ್ಲಿ ಈ ನಾಲ್ಕೂ ಒಟ್ಟಿಗೆ ಇವೆ, ಯಾರಿಗೂ ಅದು ಸುದ್ದಿಯಲ್ಲ. ಇದೇ ನಾಲ್ಕು ಕೆರಿಬಿಯನ್ನಿನಲ್ಲಿ ಒಟ್ಟಾದಾಗ ಏನಾಯಿತು ನೋಡಿ. ಅಲ್ಲಿನ ಕಬ್ಬಿನ ತೋಟಗಳಲ್ಲಿ ಇಲಿಕಾಟ ವಿಪರೀತ. 1872ರಲ್ಲಿ ಜಮೈಕಾದ ಒಬ್ಬ ತೋಟದ ಧಣಿ ಕಲ್ಕತ್ತೆಯಿಂದ ಹಡಗಿನಲ್ಲಿ 9 ಮುಂಗುಸಿ ತರಿಸಿದ. ನಾಲ್ಕು ಗಂಡು, ಐದು ಹೆಣ್ಣು. ನಮ್ಮ ಹೊಲದ ಬೂದು ಮುಂಗುಸಿಯಲ್ಲ ಅದು, ಅದರ ಉತ್ತರ ಭಾರತದ ಸಣ್ಣ ದಾಯಾದಿ. ಮೊದಲು ಇಲಿ ಕಡಿಮೆಯಾಯಿತೆಂದು ಎಲ್ಲರಿಗೂ ಖುಷಿ. ಪಕ್ಕದ ದ್ವೀಪಗಳವರೂ ತರಿಸಿಕೊಂಡರು. ಆದರೆ ಇಲಿ ಓಡಾಡುವುದು ರಾತ್ರಿ, ಮುಂಗುಸಿ ಓಡಾಡುವುದು ಹಗಲು. ಹಗಲಲ್ಲಿ ಮುಂಗುಸಿಗೆ ನೆಲದ ಮೇಲೆ ಸಿಕ್ಕಿದ್ದು ಹಕ್ಕಿಯ ಮೊಟ್ಟೆ, ಹಲ್ಲಿ, ಬಿಸಿಲು ಕಾಯಿಸುತ್ತಾ ಕೂತ ಮಬೂಯಗಳು. ಅವು ಮರಿ ಹಾಕುವಂಥವು, ಹೊಟ್ಟೆಯಲ್ಲಿ ಮರಿ ಹೊತ್ತ ಬಸುರಿ ಎಷ್ಟು ಜೋರಾಗಿ ಓಡೀತು? ಹುಟ್ಟಿದಾಗಿನಿಂದ ಮುಂಗುಸಿ ಕಂಡೇ ಗೊತ್ತಿಲ್ಲದ ಪ್ರಾಣಿ ಬೇರೆ.

2012ರಲ್ಲಿ, ಅದೂ ಅದೇ ವರ್ಷ, ಅಮೆರಿಕದ ಇಬ್ಬರು ಸಂಶೋಧಕರು ಮ್ಯೂಸಿಯಂಗಳ ಹಳೇ ಜಾಡಿಗಳನ್ನು ತೆರೆದು ಕೆರಿಬಿಯನ್ ಹಾವುರಾಣಿಗಳನ್ನು ಮತ್ತೆ ಒಂದೊಂದಾಗಿ ನೋಡಿದರು. ಹುರುಪೆ ಎಣಿಸಿದರು. ಒಂದೇ ಅಂದುಕೊಂಡಿದ್ದವು ಎಷ್ಟೋ ಬಿಡಿಬಿಡಿಯಾದವು. 24 ಹೊಸ ಪ್ರಭೇದಕ್ಕೆ ಹೆಸರಿಟ್ಟರು. ಅವುಗಳಲ್ಲಿ ಸುಮಾರು ಅರ್ಧ ಆಗಲೇ ಅಳಿದುಹೋಗಿರಬಹುದು, ಇಲ್ಲವೇ ಅಳಿವಿಗೆ ಹತ್ತಿರ ಇವೆ ಎಂದು ಬರೆದು, ಮುಂಗುಸಿಯ ಕಡೆಗೆ ಬೆರಳು ತೋರಿಸಿದರು. ನಾಮಕರಣವೂ ತಿಥಿಯೂ ಒಂದೇ ದಿನ. ಲೆಕ್ಕದವನಾಗಿ ಹೇಳುವುದಾದರೆ, ಖಾತೆ ತೆರೆದ ದಿನವೇ ಮುಚ್ಚುವುದನ್ನು ನಾನು ನೋಡಿದ್ದೇನೆ, ಆದರೆ ಹೀಗಲ್ಲ.

ಇನ್ನೊಂದು ತಪ್ಪನ್ನೂ ಒಪ್ಪಿಕೊಳ್ಳಬೇಕು. ಇಷ್ಟೂ ಹೊತ್ತು ‘ನಮ್ಮ ಹಾವುರಾಣಿ’ ಎಂದು ಒಂದೇ ಪ್ರಾಣಿ ಇದ್ದ ಹಾಗೆ ಬರೆದೆ. ಕುಕ್ಕರಹಳ್ಳಿ ಏರಿಯ ತರಗೆಲೆಯಲ್ಲಿ ಓಡುವ ಬೆರಳುದ್ದದ್ದು ಬೇರೆ. ಅದು ಯೂಟ್ರೋಪಿಸ್ ಮ್ಯಾಕ್ಯುಲೇರಿಯ, 1853ರಲ್ಲಿ ಕಲ್ಕತ್ತೆಯ ಎಡ್ವರ್ಡ್ ಬ್ಲೈತ್ ಹೆಸರಿಟ್ಟದ್ದು. ಅದರ ಹುರುಪೆಗೆ ಐದರಿಂದ ಏಳು ಏಣು. ನನ್ನ ಭೂತಗನ್ನಡಿಗೆ ಅದು ಇನ್ನೂ ಸಿಕ್ಕಿಲ್ಲ, ನಿಲ್ಲುವುದೇ ಇಲ್ಲ. ಕುಂಡದ ಮಣ್ಣು ಕೆದಕಿದಾಗ ಕೆಂಪು ಬಾಲ ಆಡಿಸುತ್ತಾ ನುಸುಳಿ ಹೋಗುವ ಪೆನ್ಸಿಲ್ ದಪ್ಪದ್ದು ಇನ್ನೊಂದು. ಅದನ್ನು ಕಂಡು ನಮ್ಮ ಬೀದಿಯಲ್ಲಿ ಎರಡು ಸಲ “ಹಾವಿನ ಮರಿ” ಎಂದು ಕೂಗಾಟ ಆಗಿದೆ. ಕಾಲು ನಾಲ್ಕೂ ಇವೆ, ಎಷ್ಟು ಸಣ್ಣವೆಂದರೆ ಓಡುವಾಗ ಕಾಣಲ್ಲ. ಅದು ರಿಯೋಪ ಪಂಕ್ಟೇಟ. ಲಿನೇಯಸ್ 1758ರಲ್ಲೇ ಇದಕ್ಕೆ ಹೆಸರಿಟ್ಟಿದ್ದ. ಬಹಳ ಕಾಲ ಲೈಗೊಸೋಮ ಎನ್ನುತ್ತಿದ್ದರು, 2019ರಲ್ಲಿ ಆ ಮನೆಯೂ ಪಾಲಾಯಿತು. ಬೆಳೆದ ಮೇಲೆ ಬಾಲದ ಕೆಂಪು ಹೋಗುತ್ತೆ.

ಕೊಡಗಿನ ಕಡೆ ಹೋದರೆ ರಿಸ್ಟೆಲ್ಲ ಇದೆ. ಬೆಕ್ಕಿನ ಹಾಗೆ ಉಗುರನ್ನು ಒಳಗೆ ಎಳೆದುಕೊಳ್ಳುವ ಪುಟ್ಟ ಹಾವುರಾಣಿ, ಮುಂಗಾಲಿಗೆ ನಾಲ್ಕೇ ಬೆರಳು. ಪಶ್ಚಿಮಘಟ್ಟ ಬಿಟ್ಟು ಬೇರೆಲ್ಲೂ ಇಲ್ಲ. ಅದರ ಹತ್ತಿರದ ನೆಂಟರು ಶ್ರೀಲಂಕಾದಲ್ಲಿ. ಮೈಸೂರಿಂದ ಬೆಳಿಗ್ಗೆ ಹೊರಟರೆ ಮಧ್ಯಾಹ್ನದ ಊಟಕ್ಕೆ ಮಡಿಕೇರಿ ಸೇರಬಹುದು, ಅಷ್ಟು ದೂರದಲ್ಲಿ ಹಾವುರಾಣಿಯ ನಕ್ಷೆ ಇಷ್ಟು ತಿರುಗಿಬಿಡುತ್ತೆ.

ಲೋಕದ ಬೇರೆ ಕಡೆಗಳ ಮಾತು ಎತ್ತಿದರೆ ಈ ಬರಹ ಮುಗಿಯಲ್ಲ. ಇಡೀ ಕುಟುಂಬದಲ್ಲಿ 1,700ಕ್ಕೂ ಹೆಚ್ಚು ಪ್ರಭೇದ. ಆಸ್ಟ್ರೇಲಿಯಾ ಒಂದರಲ್ಲೇ 400ಕ್ಕೂ ಮೇಲೆ. ನ್ಯೂಗಿನಿಯಲ್ಲಿ, ಆ ಕಬ್ಬಿನ ತವರಿನಲ್ಲೇ, ರಕ್ತ ಹಸಿರಾಗಿರುವವು ಇವೆ. ಒಡಿಶಾದ ಚಿಲಿಕಾ ಸರೋವರದ ಬರ್ಕುಡಾ ದ್ವೀಪದಲ್ಲಿ ಕಾಲೇ ಇಲ್ಲದ ಒಂದಿದೆ. 1917ರಲ್ಲಿ ಆನಂಡೇಲ್ ಅದಕ್ಕೆ ದ್ವೀಪದ ಹೆಸರನ್ನೇ ಇಟ್ಟ, ಬರ್ಕುಡಿಯ.

ಇಷ್ಟೆಲ್ಲ ಆದ ಮೇಲೆ ಕನ್ನಡದ ಹೆಸರಿಗೂ ಯಾರ ಪೈಕಿ ಎಂದು ಕೇಳಬೇಕಲ್ವಾ. ಹಾವುರಾಣಿ ಎಂದರೆ ಹಾವುಗಳ ರಾಣಿ, ಅದಕ್ಕೇ ಅಷ್ಟು ವಿಷ ಎಂದು ಅಜ್ಜಿ ಹೇಳುತ್ತಿದ್ದಳು. ಆದರೆ ತಮಿಳಿನಲ್ಲಿ ಇದು ಅರಣೈ, ಮಲಯಾಳದಲ್ಲಿ ಅರಣ, ತುಳುವಿನಲ್ಲಿ ಅರಣೆ. ಹಳೇ ಕನ್ನಡ ನಿಘಂಟುಗಳಲ್ಲಿ ಅರಣೆ, ರಾಣೆ, ರಾಣಿ ಮೂರೂ ಒಂದೇ ಪ್ರಾಣಿಗೆ. ಅಂದರೆ ರಾಣಿ ಇಲ್ಲಿ ಅರಸಿ ಅಲ್ಲವೇ ಅಲ್ಲ. ಅರಣೆ ನಮ್ಮ ಬಾಯಲ್ಲಿ ತಲೆ ಕಳೆದುಕೊಂಡು ರಾಣೆಯಾಗಿ, ರಾಣಿಯಾಗಿ, ಕೊನೆಗೆ ಸಿಂಹಾಸನ ಏರಿ ಕೂತಿದೆ. ನೆಕ್ಕಿದರೆ ವಿಷ ಎನ್ನುವ ಮಾತೂ ನಿಘಂಟಿನಲ್ಲೇ ಇದೆ, ಅಜ್ಜಿಯ ಸ್ವಂತದ್ದಲ್ಲ. ಮಲಯಾಳಿಗಳಲ್ಲಿ ಇನ್ನೂ ಒಂದು ಸೇರಿದೆ. ಅರಣೆಗೆ ಮರೆವು ಜಾಸ್ತಿಯಂತೆ, ಕಚ್ಚಲು ಬಂದು ಅರ್ಧ ದಾರಿಯಲ್ಲಿ ಯಾಕೆ ಬಂದೆ ಅಂತಲೇ ಮರೆತು ನಿಲ್ಲುತ್ತದಂತೆ. ಮರೆಗುಳಿಯನ್ನು ಅವರು ಅರಣೆ ಬುದ್ಧಿಯವನು ಎನ್ನುತ್ತಾರೆ. ಓಡಿ ಓಡಿ ಥಟ್ಟನೆ ನಿಂತು ತಲೆ ಎತ್ತುವ ಅದರ ಚಾಳಿ ನೋಡಿದವರಿಗೆ ಇದು ಎಲ್ಲಿಂದ ಬಂತು ಅಂತ ಗೊತ್ತಾಗುತ್ತೆ.

ಯುಗಾದಿಗೆ ಊರಿಗೆ ಹೋಗಿದ್ದೆ. ಅಜ್ಜಿ ಇಲ್ಲ, ಹಿತ್ತಲು ಈಗ ಅತ್ತೆಯದು. ಸೌದೆ ರಾಶಿಯ ಮೇಲೆ ಬೆಳಗಿನ ಬಿಸಿಲಿಗೆ ಒಂದು ದಪ್ಪ ಹಾವುರಾಣಿ ಮೈ ಚಪ್ಪಟೆ ಮಾಡಿಕೊಂಡು ಮಲಗಿತ್ತು. ಬಾಲದ ಅರ್ಧದಿಂದ ಆಚೆಗೆ ಬಣ್ಣ ಬೇರೆ, ಒಮ್ಮೆ ಮುರಿದು ಬೆಳೆದದ್ದು. ಅತ್ತೆಗೆ ತೋರಿಸಿ, ಮೂಡಲ ಸೀಮೆಯಿಂದ ಬಂದದ್ದು, ಪೀಡೆಯ ಹೆಸರು, ಮುಂಗುಸಿ, ಎಲ್ಲ ಹೇಳಿದೆ. ಅತ್ತೆ ಒಬ್ಬಟ್ಟಿಗೆ ಬೇಳೆ ಆರಿಸುತ್ತಾ ಪೂರ್ತಿ ಕೇಳಿಸಿಕೊಂಡರು.

“ಕಚ್ಚಾಕಿಲ್ವಾ?”

“ಇಲ್ಲ ಅತ್ತೆ.”

“ನೆಕ್ಕಾಕೂ ಇಲ್ವಾ?”

“ನಾಲಿಗೆ ಹಾಕುತ್ತೆ, ಏನೂ ಆಗಲ್ಲ.”

“ಹಂಗಾರೆ ಪಾಪ, ಎಲ್ಲಿಂದ್ಲೋ ಬಂದದೆ, ಇರ್ಲಿ ಬುಡು” ಅಂದರು. ಮೊರ ಕೆಳಗಿಟ್ಟು ಎದ್ದರು. ಒಲೆಗೆ ಸೌದೆ ಬೇಕಿತ್ತು. ರಾಶಿಯ ಹತ್ತಿರ ಹೋಗಿ, ಕೈ ಹಾಕುವ ಮುಂಚೆ ಕೋಲಿನಿಂದ ಮೂರು ಸಲ ಬಡಿದರು.